ಎಡಗೈ ಕಡೆ ಕಿವಿ ಕೊಡಿ

ಎಲೆಕ್ಟ್ರಾನಿಕ್ ಸಂಗೀತದ ಕಛೇರಿಗೆ ಬಂದವರಲ್ಲಿ ಮುಕ್ಕಾಲು ಮಂದಿ ಕೀಬೋರ್ಡ್ ವಾದಕನ ಬಲಗೈಯನ್ನೇ ನೋಡುತ್ತಿರುತ್ತಾರೆ. ಬೆರಳು ಓಡಿದಷ್ಟೂ ಚಪ್ಪಾಳೆ. ಪ್ಯಾಡುಗಳು ಬಣ್ಣಬಣ್ಣವಾಗಿ ಮಿನುಗಿದರಂತೂ ಫೋನುಗಳೆಲ್ಲ ಮೇಲೇಳುತ್ತವೆ. ಇನ್ನು ಕೆಲವರು, ‘ಎಲ್ಲಾ ಕಂಪ್ಯೂಟರೇ ಮಾಡುತ್ತೆ ಬಿಡ್ರೀ’ ಎಂದು ಕಾಫಿಗೆ ಎದ್ದುಹೋಗುವವರು. ಇವರೆಲ್ಲರಿಗೂ ನಾನು ಹೇಳುವುದು ಒಂದೇ: ಎಡಗೈ ಗಮನಿಸಿ.

ಮಿಡಿ ಎಂದರೇನು ಎಂಬ ಪಾಠ ಇಲ್ಲಿಲ್ಲ. 1983ರಲ್ಲಿ ಅಮೆರಿಕದ ಪ್ರಾಫೆಟ್-600 ಮತ್ತು ಜಪಾನಿನ ಜುಪಿಟರ್-6 ಎಂಬ ಸಿಂಥಸೈಸರುಗಳು ಈ ಮಿಡಿ ಭಾಷೆಯಲ್ಲಿ ಒಂದೇ ತಂತಿಯ ಮೇಲೆ ಮಾತಾಡಿಕೊಂಡವು, ಅಷ್ಟು ಸಾಕು. ನಾನು ಹೇಳಹೊರಟಿದ್ದು ಸ್ವರದ ಆಯಸ್ಸಿನ ಮಾತು. ಪಿಯಾನೊದಲ್ಲಿ ಕೀಲಿ ಒತ್ತಿದ ಮೇಲೆ ಸ್ವರ ತಾನಾಗಿ ಕ್ಷೀಣಿಸುತ್ತದೆ. ಸಿಂಥಸೈಸರಿನಲ್ಲಿ ಒತ್ತಿ ಹಿಡಿದಷ್ಟು ಹೊತ್ತೂ ಅದು ಬದುಕಿರಬಲ್ಲದು. ಅಷ್ಟು ಹೊತ್ತು ಅದನ್ನು ಹೇಗೆ ನಡೆಸಿಕೊಂಡರು ಎಂಬುದರಲ್ಲೇ ವಾದಕನ ಯೋಗ್ಯತೆ ತಿಳಿಯುವುದು.

ಅದಕ್ಕಿರುವ ಮುಖ್ಯ ಸಾಧನ, ಎಡಗೈಗೆ ಸಿಗುವಂತಿರುವ, ಶ್ರುತಿಯನ್ನು ಏರಿಸಿ ಇಳಿಸುವ ಪಿಚ್ ಬೆಂಡ್ ಚಕ್ರ. ಮಿಡಿಯಲ್ಲಿ ಉಳಿದ ನಿಯಂತ್ರಣಗಳಿಗೆ ಸಾಮಾನ್ಯವಾಗಿ 128 ಮೆಟ್ಟಿಲಾದರೆ ಇದಕ್ಕೆ 16,384. ಶ್ರುತಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದರೆ ಕಿವಿಗೆ ತಕ್ಷಣ ಗೊತ್ತಾಗುತ್ತದಲ್ಲ! ರೂಢಿಯಂತೆ ಚಕ್ರ ಮೇಲಕ್ಕೆ ಎರಡು, ಕೆಳಕ್ಕೆ ಎರಡು ಸ್ವರಸ್ಥಾನ ಚಲಿಸುತ್ತದೆ. ತೋಡಿಯ ಗಾಂಧಾರದ ಮೇಲೆ ಬೆರಳಿಡಿ. ಚಕ್ರವನ್ನು ಪೂರ್ತಿ ಕೆಳಗೆಳೆದರೆ ಶುದ್ಧ ರಿಷಭ, ಪೂರ್ತಿ ಮೇಲೆ ತಳ್ಳಿದರೆ ಶುದ್ಧ ಮಧ್ಯಮ. ತೋಡಿಯ ಗಾಂಧಾರ ತೂಗಲು ಬೇಕಾದ ಜಾಗವೆಲ್ಲ ಆ ಪುಟ್ಟ ಚಕ್ರದಲ್ಲೇ ಇದೆ. ‘ಕೀಬೋರ್ಡಿನಲ್ಲಿ ಗಮಕ ಬರೋಲ್ಲ’ ಎನ್ನುವ ಪಂಡಿತರು ಒಮ್ಮೆ ಇದನ್ನು ಕೇಳಬೇಕು.

ಪರೀಕ್ಷೆ ಇರುವುದು ಸ್ವರ ಹಿಂತಿರುಗುವ ದಾರಿಯಲ್ಲಿ. ಚಕ್ರದೊಳಗೆ ಸ್ಪ್ರಿಂಗ್ ಇದೆ. ಕೈಬಿಟ್ಟರೆ ಟಕ್ಕನೆ ನಡುವಿಗೆ ಬರುತ್ತದೆ. ಕಚ್ಚಾ ವಾದಕ ಸ್ವರವನ್ನು ಮೇಲೇರಿಸಿ ಬಿಟ್ಟುಬಿಡುತ್ತಾನೆ. ಇಳಿಯುವಾಗ ಕೇಳಿಸುವುದು ಸ್ಪ್ರಿಂಗಿನ ವೇಗ. ಪಳಗಿದವನು ಸ್ಪ್ರಿಂಗನ್ನು ಹೆಬ್ಬೆರಳಲ್ಲಿ ತಡೆದು, ತನಗೆ ಬೇಕಾದಷ್ಟು ನಿಧಾನವಾಗಿ ಇಳಿಸುತ್ತಾನೆ. ಬೆಂಗಳೂರಿನ ಒಂದು ಫ್ಯೂಷನ್ ಕಛೇರಿಯಲ್ಲಿ ಹುಡುಗನೊಬ್ಬ ನಿಷಾದದಿಂದ ಷಡ್ಜಕ್ಕೆ ಹೀಗೆ ಮೆಲ್ಲಗೆ ಏರಿಸಿ ಇಳಿಸಿದಾಗ ಪಕ್ಕದ ಪಿಟೀಲು ವಾದಕರು ಕಮಾನು ನಿಲ್ಲಿಸಿ ತಲೆದೂಗಿದರು. ಸಭೆ ಮಾತ್ರ ಡ್ರಮ್ ಸೋಲೋ ಬರುವ ತನಕ ಫೋನಿನಲ್ಲೇ ಇತ್ತು. ಮಿಡಿಗೂ ಮೊದಲೇ, ಮಹಾವಿಷ್ಣು ಆರ್ಕೆಸ್ಟ್ರಾ ಎಂಬ ಫ್ಯೂಷನ್ ತಂಡದಲ್ಲಿ ಯಾನ್ ಹ್ಯಾಮರ್ ಮಿನಿಮೂಗ್ ಸಿಂಥಸೈಸರ್ ಹಿಡಿದು ಮೆಕ್‌ಲಾಫ್ಲಿನ್ನರ ಗಿಟಾರಿಗೆ ಎದುರು ನಿಂತದ್ದು ಇದೇ ಎಡಗೈಯ ಬಲದಿಂದ.

ಚಕ್ರವಷ್ಟೇ ಅಲ್ಲ, ಕೀಲಿಯ ಮೇಲಿನ ಒತ್ತಡವೂ ಸ್ವರವನ್ನು ನಡೆಸಬಲ್ಲದು ಎಂದು ನನ್ನ ಕಿವಿ ತೆರೆಸಿದ್ದು 1982ರ ‘ಬ್ಲೇಡ್ ರನ್ನರ್’ ಚಿತ್ರಕ್ಕೆ ವ್ಯಾಂಜೆಲಿಸ್ ಕೊಟ್ಟ ಸಂಗೀತ. ಅವರು ನುಡಿಸಿದ ಯಮಾಹಾ ಸಿಎಸ್-80ರಲ್ಲಿ ಪ್ರತಿ ಕೀಲಿಯೂ ತನ್ನ ಮೇಲಿನ ಒತ್ತಡವನ್ನು ತಾನೇ ಅಳೆಯುತ್ತದೆ; ಸ್ವರಗುಚ್ಛದಲ್ಲಿ ಒಂದೇ ಸ್ವರ ಉಬ್ಬಬಹುದು, ಉಳಿದವು ತೆಪ್ಪಗಿರಬಹುದು. ಇಂದಿನ ಹೆಚ್ಚಿನ ಕೀಬೋರ್ಡುಗಳಿಗೆ ಆ ಭಾಗ್ಯವಿಲ್ಲ, ಒಂದನ್ನು ಒತ್ತಿದರೆ ಎಲ್ಲವೂ ಒಟ್ಟಿಗೇ ಉಬ್ಬುತ್ತವೆ.

ಮಾಡ್ಯುಲೇಷನ್ ಚಕ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಮಾನ್ಯವಾಗಿ ಕಂಪನಕ್ಕೆ ಬಳಕೆಯಾಗುವ ಅದನ್ನು ಬಹಳ ಜನ ಅತಿಯಾಗಿ ಬಳಸುತ್ತಾರೆ. ಬಾಯಿಂದ ಊದಿ ಸ್ವರವನ್ನು ನಿಯಂತ್ರಿಸುವ ಬ್ರೆತ್ ಕಂಟ್ರೋಲರ್ ಒಳ್ಳೆಯದು, ಉಸಿರು ಮುಗಿದಲ್ಲಿ ಸಾಲೂ ಮುಗಿಯಬೇಕೆಂಬ ಶಿಸ್ತು ತರುತ್ತದೆ.

2018ರಲ್ಲಿ ಮಿಡಿಗೆ ಎಂಪಿಇ ಎಂಬ ನಿಯಮ ಬಂತು: ಸ್ವರಕ್ಕೊಂದು ಚಾನೆಲ್, ಹಾಗಾಗಿ ಪ್ರತಿ ಸ್ವರಕ್ಕೂ ಅದರದೇ ಜಾರು, ಅದರದೇ ಒತ್ತಡ. ಸೀಬೋರ್ಡ್, ಲಿನ್‌ಸ್ಟ್ರುಮೆಂಟ್‌ನಂಥ ವಾದ್ಯಗಳಲ್ಲಿ ಇದು ಸಲೀಸು. ಈ ನಿಯಮಕ್ಕೂ ಮೊದಲೇ ಎ.ಆರ್. ರೆಹಮಾನ್ ‘ದಿಲ್ಲಿ-6’ ಚಿತ್ರದ ‘ರೆಹನಾ ತೂ’ ಹಾಡಿನ ಕೊನೆಯಲ್ಲಿ ಸ್ವರ ಜಾರಿಸಬಲ್ಲ ಕಂಟಿನ್ಯುವಮ್ ಎಂಬ ವಾದ್ಯ ನುಡಿಸಿದ್ದಾರೆ, ಇಂದೇ ಹುಡುಕಿ ಕೇಳಿ. ಆದರೆ ಸಲೀಸಾಯಿತೆಂದು ಸಿಕ್ಕ ಸ್ವರವನ್ನೆಲ್ಲ ಜಾರಿಸುವವರೇ ಈಗ ಹೆಚ್ಚು. ಅದಕ್ಕೂ ಶಿಳ್ಳೆ ಬೀಳುತ್ತದೆ. ಷಡ್ಜವನ್ನು ಅಲುಗದಂತೆ ನಿಲ್ಲಿಸಲು ಬಾರದವನ ಗಾಂಧಾರ ಎಷ್ಟು ತೂಗಿದರೂ ನನ್ನ ಚಪ್ಪಾಳೆ ಇಲ್ಲ.