ಗೇಟಿನ ಹೊರಗೆ ನಿಂತ ಗಾಡಿ

ತಿರುಪ್ಪೂರಿನ ಬನಿಯನ್ ಒಂದೇ ಸೂರಿನಡಿ ತಯಾರಾಗುವುದಿಲ್ಲ. ನೂಲು ಒಂದು ಕಡೆ ಇಳಿಯುತ್ತದೆ, ನಿಟ್ಟಿಂಗ್ ಇನ್ನೊಂದು ಬೀದಿಯಲ್ಲಿ, ಡೈಯಿಂಗ್ ಊರಾಚೆ, ಕಾಂಪ್ಯಾಕ್ಟಿಂಗ್ ಮತ್ತೆಲ್ಲೋ. ಆಮೇಲೆ ಕಟಿಂಗ್, ಪವರ್ ಟೇಬಲ್ ಮೇಲೆ ಹೊಲಿಗೆ, ಚೆಕಿಂಗ್, ಪ್ಯಾಕಿಂಗ್. ಹಡಗು ಹತ್ತುವ ಮೊದಲು ಬಟ್ಟೆ ಐದಾರು ಹೊಸ್ತಿಲು ದಾಟುತ್ತದೆ. ಒಂದು ಹೊಸ್ತಿಲಿನಿಂದ ಇನ್ನೊಂದಕ್ಕೆ ಅದನ್ನು ಹೊತ್ತು ತರುವುದು ಸಣ್ಣ ವ್ಯಾನು. ನಾವು ಛೋಟಾ ಹಾಥಿ ಎನ್ನುವ ಟಾಟಾ ಏಸ್‌ಗೆ ಅಲ್ಲಿಯವರು ‘ಕುಟ್ಟಿ ಯಾನೈ’ ಎನ್ನುತ್ತಾರೆ, ಅಂದರೆ ಮರಿಯಾನೆ. ಬೆಳಗ್ಗೆ ಪಲ್ಲಡಂ, ಅವಿನಾಶಿ, ಕಾಂಗೇಯಂ ಕಡೆಯ ಹಳ್ಳಿಗಳಿಂದ ಕೆಲಸದವರನ್ನು ತುಂಬಿಕೊಂಡು ಬರುವುದೂ ವ್ಯಾನೇ. ಊರಿನ ಉದ್ಯಮವೆಲ್ಲ ಈ ಗಾಡಿಗಳ ಮೇಲೆ ನಿಂತಿದೆ. ಆದರೂ ಅವುಗಳನ್ನು ಓಡಿಸುವ, ನೋಡಿಕೊಳ್ಳುವ ಪದ್ಧತಿಯನ್ನು ಯಾರೂ ಕೂತು ವಿಮರ್ಶಿಸಿದಂತಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟ ಗಾಡಿಯನ್ನು ಸರಿಪಡಿಸುವುದರಲ್ಲಿ ತಿರುಪ್ಪೂರೂ ಸೇರಿದ ಕೊಯಮತ್ತೂರು ಸೀಮೆಗೆ ಸಾಟಿಯಿಲ್ಲ. ಕೆಡುವ ಮೊದಲೇ ನೋಡಿಕೊಳ್ಳುವ ಶಿಸ್ತಿನಲ್ಲಿ ಮಾತ್ರ ಅದು ತನ್ನದೇ ಹಿರಿಯರಿಗಿಂತ ಹಿಂದೆ ಬಿದ್ದಿದೆ.

ಹಿರಿಯರು ಎಂದಾಗ ನನ್ನ ಮನಸ್ಸಿನಲ್ಲಿರುವುದು ಜಿ.ಡಿ. ನಾಯ್ಡು (1893–1974). ಕಲಂಗಲ್ ಎಂಬ ಹಳ್ಳಿಯ ಹುಡುಗ, ಒಬ್ಬ ಬ್ರಿಟಿಷ್ ಅಧಿಕಾರಿಯ ಮೋಟರ್ ಸೈಕಲ್ ನೋಡಿ ಮನಸೋತ. ಹೋಟೆಲಿನಲ್ಲಿ ದುಡಿದು ಹಣ ಕೂಡಿಸಿ ಅದನ್ನು ಕೊಂಡ. ಕೊಂಡವನು ಮೊದಲು ಮಾಡಿದ ಕೆಲಸ ಅದನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದ್ದು. 1920ರಲ್ಲಿ ಪೊಳ್ಳಾಚಿಯಿಂದ ಪಳನಿಗೆ ಒಂದೇ ಒಂದು ಗಾಡಿ ಓಡಿಸಲು ಶುರುಮಾಡಿದಾಗ ಓನರೂ ಅವರೇ, ಡ್ರೈವರೂ ಅವರೇ. ಕೆಲವೇ ವರ್ಷಗಳಲ್ಲಿ ಅವರ ಯು.ಎಂ.ಎಸ್. ಕಂಪನಿಯ ಬಸ್ಸುಗಳು ದೇಶದಲ್ಲೇ ಅಚ್ಚುಕಟ್ಟಾದ ಸಾರಿಗೆಯೆಂದು ಹೆಸರಾದವು. ಆ ಹೆಸರಿನ ಗುಟ್ಟು ಇಷ್ಟೇ ಎಂದು ನನಗನ್ನಿಸುತ್ತದೆ: ಸ್ಟೇರಿಂಗ್ ಹಿಡಿದ ಕೈಗೂ ಸ್ಪ್ಯಾನರ್ ಹಿಡಿದ ಕೈಗೂ ಲೆಕ್ಕ ಬರೆಯುವ ಕೈಗೂ ನಡುವೆ ಗೋಡೆ ಇರಲಿಲ್ಲ. ಬ್ರೇಕಿನಲ್ಲಿ ಸಣ್ಣ ಕಿರುಗುಟ್ಟುವಿಕೆ ಕೇಳಿಸಿದರೆ ಅದು ಓನರನ ಕಿವಿಗೇ ಬೀಳುತ್ತಿತ್ತು.

ಇಂದು ಅದೇ ಪೊಳ್ಳಾಚಿ–ಉಡುಮಲೈ–ಪಳನಿ ರಸ್ತೆಯಲ್ಲಿ ಓಡುವ ವ್ಯಾನಿನಲ್ಲಿ ಈ ಮೂರು ಕೈಗಳು ಮೂವರವು. ಓನರ್ ಒಬ್ಬ, ಡ್ರೈವರ್ ಇನ್ನೊಬ್ಬ, ಮೆಕ್ಯಾನಿಕ್ ಮತ್ತೊಬ್ಬ. ಸಂಬಳ ಟ್ರಿಪ್ ಲೆಕ್ಕದಲ್ಲಿ. ಟ್ರಿಪ್ ತಪ್ಪಿದರೆ ಕಳೆದುಕೊಳ್ಳುವವನು ಡ್ರೈವರ್. ಹಾಗಾಗಿ ಕಿರುಗುಟ್ಟುವಿಕೆ ಕೇಳಿಸಿದರೂ ಅವನು ಸಂಜೆಯವರೆಗೆ ಸುಮ್ಮನಿರುತ್ತಾನೆ, ಸಂಜೆ ಇನ್ನೊಂದು ಲೋಡ್ ಬರುತ್ತದೆ.

ಲೋಡಿನ ಮಾತೇ ತೆಗೆದುಕೊಳ್ಳೋಣ. 2005ರಲ್ಲಿ ಬಂದ ಮೊದಲ ಟಾಟಾ ಏಸ್‌ನ ಎಂಜಿನ್ 702 ಸಿ.ಸಿ., ಹೊರಬಹುದಾದ ತೂಕ 750 ಕಿಲೋ. ಒಂದು ರೋಲ್ ಬಟ್ಟೆ 25 ಕಿಲೋ ಎಂದಿಟ್ಟುಕೊಂಡರೆ 30 ರೋಲಿಗೆ ಮಿತಿ ಮುಗಿಯಿತು. ಆದರೆ ಬಟ್ಟೆ ಕಣ್ಣಿಗೆ ಹಗುರ. ಇನ್ನೂ ಜಾಗವಿದೆ ಎಂದು ಮೇಲೆ ಮೇಲೆ ಪೇರಿಸುತ್ತಾರೆ, ಹಗ್ಗ ಬಿಗಿಯುತ್ತಾರೆ, ಸಾಲದ್ದಕ್ಕೆ ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟು ಹೆಚ್ಚು ಹಾಕಿಸುತ್ತಾರೆ. ಪ್ಲೇಟು ಗಟ್ಟಿಯಾದರೆ ಗಾಡಿಯ ಬೆನ್ನು ಕುಸಿಯುವುದಿಲ್ಲ, ನಿಜ. ಬ್ರೇಕ್ ಮಾತ್ರ ಹಳೆಯದೇ, ಟೈರ್ ಹಳೆಯದೇ. ಹೊರುವ ಶಕ್ತಿ ಹೆಚ್ಚಿತು, ನಿಲ್ಲುವ ಶಕ್ತಿ ಹೆಚ್ಚಲಿಲ್ಲ. ವರ್ಕ್‌ಶಾಪಿನಲ್ಲಿ ಯಾರೂ ಹೇಳದ ಮಾತು ಇದು.

ಈ ಸೀಮೆಗೆ ತನ್ನದೇ ಆದ ಇನ್ನೊಂದು ಅಪಾಯವಿದೆ. ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಮುಂಗಾರಿನ ಗಾಳಿ ಉಡುಮಲೈ, ಪಲ್ಲಡಂ ಬಯಲುಗಳ ಮೇಲೆ ಬೀಸುತ್ತದೆ. ಅಲ್ಲಿ ಸಾಲುಸಾಲು ಗಾಳಿಯಂತ್ರಗಳು ಎದ್ದಿರುವುದೂ ಅದಕ್ಕೇ. ಎತ್ತರದ ಬಾಡಿಯ ಖಾಲಿ ವ್ಯಾನನ್ನು ಆ ಗಾಳಿ ಅಡ್ಡಕ್ಕೆ ತಳ್ಳುತ್ತದೆ. ಲಾರಿಯ ಮರೆಯಿಂದ ಓವರ್‌ಟೇಕ್ ಮಾಡಿ ಹೊರಬರುವ ಗಳಿಗೆಯಲ್ಲಿ ಹೊಡೆತ ಬಿದ್ದಂತಾಗುತ್ತದೆ. ಅನುಭವಿ ಡ್ರೈವರುಗಳು ಆ ಕಡೆ ಬಂದಾಗ ಸ್ಪೀಡು ಇಳಿಸಿ ಎರಡೂ ಕೈ ಬಿಗಿ ಹಿಡಿಯುತ್ತಾರೆ. ಇದು ಪುಸ್ತಕದಲ್ಲಿ ಕಲಿತದ್ದಲ್ಲ, ಮೆಚ್ಚಲೇಬೇಕಾದ ವಿದ್ಯೆ.

ಆದರೆ ಅನುಭವ ಎಲ್ಲ ಕಡೆಯೂ ಸರಿಯಾದ ಪಾಠವನ್ನೇ ಕಲಿಸುವುದಿಲ್ಲ. ಆಳಿಯಾರಿನಿಂದ ವಾಲ್ಪಾರೈಗೆ ಹೋಗುವ ಘಾಟಿಯಲ್ಲಿ 40 ಹೇರ್‌ಪಿನ್ ತಿರುವುಗಳಿವೆ, ಒಂದೊಂದಕ್ಕೂ ನಂಬರ್ ಹಾಕಿದ್ದಾರೆ. ಒಮ್ಮೆ ಅಲ್ಲಿಂದ ಇಳಿಯುವಾಗ ನಾನು ಕೂತಿದ್ದ ವ್ಯಾನಿನ ಡ್ರೈವರ್ ಗೇರನ್ನು ನ್ಯೂಟ್ರಲ್‌ಗೆ ತಳ್ಳಿದರು. ‘ಡೀಸೆಲ್ ಉಳಿಯುತ್ತೆ ಸಾರ್’ ಎಂದರು. ಕೆಳಗೆ ಬರುವಷ್ಟರಲ್ಲಿ ಬ್ರೇಕ್ ಲೈನರಿನ ಕಮಟು ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅವರು ಒಳ್ಳೆಯ ಮನುಷ್ಯ, ತಾಳ್ಮೆಯ ಚಾಲಕ. ಆದರೆ ಆ ನಂಬಿಕೆ ಮಾತ್ರ ಪೂರ್ತಿ ತಪ್ಪು. ಗೇರಿನಲ್ಲಿ ಇಳಿಯುವಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದೊಡನೆ ಈಗಿನ ಎಂಜಿನ್ ಇಂಧನವನ್ನು ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ನಿಲ್ಲದಿರಲು ತಾನೇ ಇಂಧನ ಸುಡಬೇಕು. ಅಂದರೆ ಉಳಿಸಲು ಹೋಗಿ ಖರ್ಚು. ಕೀಲಿಯನ್ನೇ ಆಫ್ ಮಾಡಿ ಇಳಿಯುವವರೂ ಇದ್ದಾರೆ. ಆಗ ಬ್ರೇಕ್ ಪೆಡಲಿಗೆ ಎಂಜಿನ್ನಿನಿಂದ ಸಿಗುವ ನೆರವು ಎರಡು ಮೂರು ಸಲ ತುಳಿಯುವುದರೊಳಗೆ ಮುಗಿದುಹೋಗುತ್ತದೆ, ಪೆಡಲು ಕಲ್ಲಾಗುತ್ತದೆ. ಕಾದ ಡ್ರಮ್ ಹಿಡಿಯುವುದಿಲ್ಲ, ಬಹಳ ದಿನ ಬದಲಿಸದ ಬ್ರೇಕ್ ಆಯಿಲ್ ಹೀರಿಕೊಂಡ ನೀರು ಕುದಿದು ಆವಿಯಾಗುತ್ತದೆ, ಕಾಲು ತಳ ಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ. ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ ಎಂಬ ಹಳೆಯ ಮಾತು ಸುರಕ್ಷತೆಗೂ ಸರಿ, ಉಳಿತಾಯಕ್ಕೂ ಸರಿ. ಓನರುಗಳು ಡ್ರೈವರನಿಗೆ ಮೈಲೇಜ್ ಕೇಳುವ ಮೊದಲು ಇದನ್ನು ಹೇಳಿಕೊಡಬೇಕಿತ್ತು.

ಸ್ಪೀಡಿನಿಂದ ಸಿಗುವ ಲಾಭವೂ ಹೀಗೆಯೇ. 15 ಕಿಲೋಮೀಟರ್ ದಾರಿಯನ್ನು 50ರಲ್ಲಿ ಹೋದರೆ 18 ನಿಮಿಷ, 60ರಲ್ಲಿ ಹೋದರೆ 15. ಮೂರು ನಿಮಿಷ. ಅಷ್ಟನ್ನು ಲೋಡ್ ಇಳಿಸುವ ಕಡೆ ಗೇಟ್ ಪಾಸಿಗಾಗಿ ಕಾಯುತ್ತಲೇ ಕಳೆಯುತ್ತಾರೆ.

ಸರ್ಕಾರದ ಕಡೆಯಿಂದ ಇರುವ ದೊಡ್ಡ ತಪಾಸಣೆ ಎಫ್.ಸಿ., ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್. ಬಾಡಿಗೆ ಗಾಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ. ಎಫ್.ಸಿ. ಹತ್ತಿರ ಬಂದಾಗ ವ್ಯಾನು ಮದುವಣಗಿತ್ತಿಯಾಗುತ್ತದೆ: ಪೇಂಟು, ಟಿಂಕರಿಂಗು, ಹೊಸ ರಿಫ್ಲೆಕ್ಟರ್ ಸ್ಟಿಕರು. ಆ ಒಂದು ದಿನಕ್ಕೆಂದು ಒಳ್ಳೆಯ ಟೈರುಗಳನ್ನು ಎರವಲು ತಂದು ಹಾಕಿ ಸಂಜೆ ಬಿಚ್ಚಿಕೊಟ್ಟದ್ದನ್ನು ನಾನೇ ನೋಡಿದ್ದೇನೆ. 2012ರ ಜುಲೈನಲ್ಲಿ ಚೆನ್ನೈ ಬಳಿ ಶಾಲಾ ಬಸ್ಸಿನ ನೆಲದ ತೂತಿನಿಂದ ಪುಟ್ಟ ಹುಡುಗಿಯೊಬ್ಬಳು ಜಾರಿಬಿದ್ದು ಸತ್ತಳು. ಆ ಬಸ್ಸು ಎಫ್.ಸಿ. ಪಡೆದು ಹೆಚ್ಚು ದಿನವೂ ಆಗಿರಲಿಲ್ಲ. ಅದೇ ವರ್ಷ ತಮಿಳುನಾಡು ಶಾಲಾ ವಾಹನಗಳಿಗೆಂದೇ ಪ್ರತ್ಯೇಕ ನಿಯಮ ತಂದಿತು. ಕೆಲಸದವರನ್ನು ಹೊರುವ ವ್ಯಾನುಗಳ ನೆಲವನ್ನೂ ಅಷ್ಟೇ ಶ್ರದ್ಧೆಯಿಂದ ಯಾರು ಬಗ್ಗಿ ನೋಡುತ್ತಾರೆ?

ಗಾಡಿಗಿಂತಲೂ ಹೆಚ್ಚು ಸವೆಯುವುದು ಮನುಷ್ಯ. 2020ರ ಫೆಬ್ರವರಿ 20ರ ನಸುಕಿನಲ್ಲಿ ಅವಿನಾಶಿ ಬಳಿ ಕಂಟೇನರ್ ಲಾರಿಯೊಂದು ಡಿವೈಡರ್ ದಾಟಿ, ಬೆಂಗಳೂರಿನಿಂದ ಎರ್ನಾಕುಲಂಗೆ ಹೊರಟಿದ್ದ ಕೇರಳದ ಬಸ್ಸಿಗೆ ಬಡಿಯಿತು. 19 ಜನ ಸತ್ತರು. ಮೊದಲು ಟೈರ್ ಸಿಡಿಯಿತು ಎಂಬ ಮಾತು ಬಂತು, ಆಮೇಲೆ ಡ್ರೈವರ್ ನಿದ್ದೆಗೆ ಜಾರಿದ್ದ ಎಂದು ಅಧಿಕಾರಿಗಳು ಹೇಳಿದರು. ಸಾರಿಗೆ ಕಾರ್ಮಿಕನನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಸಬಾರದು, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು ಎಂದು 1961ರ ಕಾಯಿದೆಯಲ್ಲೇ ಬರೆದಿತ್ತು. ಶಿಪ್‌ಮೆಂಟ್ ಹತ್ತಿರ ಬಂದಾಗ ಇದು ಯಾರ ನೆನಪಿಗೂ ಬರುವುದಿಲ್ಲ.

ನನಗೆ ಹೆಚ್ಚು ನೋವು ಕೊಡುವ ಸಂಗತಿ ಇದೇ. ತಿರುಪ್ಪೂರಿನ ಕಾರ್ಖಾನೆಗಳಿಗೆ ಹೊರದೇಶದ ಕೊಳ್ಳುಗರ ಪರವಾಗಿ ಆಡಿಟ್ ಬರುತ್ತದೆ. ಬೆಂಕಿ ಆರಿಸುವ ಸಿಲಿಂಡರು, ತುರ್ತು ಬಾಗಿಲು, ಓವರ್‌ಟೈಮ್ ರಿಜಿಸ್ಟರು, ಕುಡಿಯುವ ನೀರು, ಎಲ್ಲವನ್ನೂ ನೋಡುತ್ತಾರೆ. ನೋಡಲೇಬೇಕು. ಆದರೆ ಅದೇ ಬಟ್ಟೆ ಹೊತ್ತು ಗೇಟಿನ ಹೊರಗೆ ನಿಂತ ಬಾಡಿಗೆ ವ್ಯಾನಿನ ಟೈರನ್ನು ಯಾರೂ ಮುಟ್ಟಿ ನೋಡಿದ್ದನ್ನು ನಾನು ಕಂಡಿಲ್ಲ. ಒಳಗೆ ಹೊಲಿಯುವವನ ಕೆಲಸದ ಗಂಟೆ ಎಣಿಸುವ ಕಾರ್ಖಾನೆ, ಹೊರಗೆ ಓಡಿಸುವವನ ಗಂಟೆ ಎಣಿಸುವುದಿಲ್ಲ. ಬೇಕಿರುವುದು ದೊಡ್ಡ ಯಂತ್ರವೇನಲ್ಲ. ಗಾಡಿಯಲ್ಲೊಂದು ನೋಟ್‌ಬುಕ್ಕು ಸಾಕು: ಬ್ರೇಕ್ ಆಯಿಲ್ ಯಾವಾಗ ಬದಲಾಯಿತು, ಲೈನರ್ ಎಷ್ಟು ಉಳಿದಿದೆ, ಇಂದು ಸ್ಟೇರಿಂಗ್ ಹಿಡಿದವರು ಎಷ್ಟು ಗಂಟೆಗೆ ಕೆಲಸ ಮುಗಿಸಿದರು. ಬರೆದ ಡ್ರೈವರನ ಟ್ರಿಪ್ ಹಣ ಕತ್ತರಿಸುವುದಿಲ್ಲ ಎಂಬ ಭರವಸೆ ಓನರ್ ಕೊಡಬೇಕು.

ವ್ಯಾನ್ ಗೊತ್ತು ಮಾಡುವ ಕಾರ್ಖಾನೆಯವರಲ್ಲಿ, ಮದುವೆಗೋ ಪಳನಿಗೋ ಬಾಡಿಗೆಗೆ ಕರೆಯುವ ನಮ್ಮವರಲ್ಲಿ ನನ್ನದೊಂದು ಬೇಡಿಕೆ. ಬಾಡಿಗೆ ಎಷ್ಟು ಎಂದು ಕೇಳುವ ಮೊದಲು ಡ್ರೈವರನ್ನು ‘ರಾತ್ರಿ ಎಷ್ಟು ಹೊತ್ತು ಮಲಗಿದ್ರಿ ಅಣ್ಣಾ?’ ಎಂದು ಕೇಳಿ. ನಿದ್ದೆ ಆಗಿಲ್ಲ ಎಂದರೆ, ಅವರಿಗೆ ಟೀ ಕುಡಿಸಿ ಹೊರಡಿಸಬೇಡಿ. ಮಲಗಲು ಬಿಟ್ಟು, ತಡವಾಗಿಯೇ ಹೊರಡಿ.