ಮಣಿಕಟ್ಟು ಬಿಚ್ಚುವ ಹೊತ್ತು: ಗಾಲ್ಫ್ ಹೊಡೆತದ ಎರಡು ಪುಸ್ತಕಗಳು

ಬ್ರಿಟಿಷ್ ಗಣಿ ಅಧಿಕಾರಿಗಳ ಕಾಲದಲ್ಲಿ ಗಾಲ್ಫ್ ಆಟ ನಮ್ಮ ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೆ ಬಂತು. ಗಣಿ 2001ರಲ್ಲಿ ಮುಚ್ಚಿತು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಬರುವ ನನ್ನ ವಿದ್ಯಾರ್ಥಿಗಳಲ್ಲಿ ಗಾಲ್ಫ್ ಕೋಲು ಹಿಡಿದವರಿಲ್ಲ. ಆದರೆ ಚಿನ್ನಿದಾಂಡು ಆಡದವರೂ ಇಲ್ಲ. ತೋಳು ಮೊದಲು, ಕೋಲು ಆಮೇಲೆ ಎಂಬುದು ಅವರ ಕೈಗೆ ಗೊತ್ತು. ಏಕೆ ಎಂದು ಕೇಳಿದರೆ ಮಾತ್ರ ಉತ್ತರ ತಪ್ಪುತ್ತದೆ.

ಈ 'ಏಕೆ'ಗೆ ಉತ್ತರ ಹುಡುಕಿದ ಪುಸ್ತಕಗಳಲ್ಲಿ ಎರಡು ಮುಖ್ಯ. ಮೊದಲನೆಯದು ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಅವರ 'ದಿ ಸರ್ಚ್ ಫಾರ್ ದಿ ಪರ್ಫೆಕ್ಟ್ ಸ್ವಿಂಗ್' (1968). ಎರಡನೆಯದು ಭೌತವಿಜ್ಞಾನಿ ಥಿಯೋಡರ್ ಜಾರ್ಗೆನ್ಸನ್ ಅವರ 'ದಿ ಫಿಸಿಕ್ಸ್ ಆಫ್ ಗಾಲ್ಫ್' (1994). ಎರಡರ ತಳಹದಿಯೂ ಜೋಡಿ ಲೋಲಕ. ಭುಜದಿಂದ ಮಣಿಕಟ್ಟಿನವರೆಗೆ ಒಂದು ಸನ್ನೆ, ಅಲ್ಲಿಂದ ಕೋಲಿನ ತಲೆಯವರೆಗೆ ಇನ್ನೊಂದು; ನಡುವೆ ಮಣಿಕಟ್ಟು ಎಂಬ ಕೀಲು.

ಸರಳ ಲೆಕ್ಕವೊಂದನ್ನು ನೋಡೋಣ. ತೋಳಿನ ಉದ್ದ 0.65 ಮೀಟರ್, ಕೋಲಿನದು 1.1 ಮೀಟರ್, ಕೈಯ ವೇಗ ಸೆಕೆಂಡಿಗೆ 8 ಮೀಟರ್ ಎಂದಿಟ್ಟುಕೊಳ್ಳಿ. ತೋಳು, ಕೋಲು ಒಂದೇ ಸರಳಿನಂತೆ ತಿರುಗಿದರೆ ಕೋಲಿನ ತಲೆಗೆ ದಕ್ಕುವ ವೇಗ ಸುಮಾರು 21 ಮೀಟರ್. ಒಳ್ಳೆಯ ಆಟಗಾರರ ಹೊಡೆತದಲ್ಲಿ ಇದು 45 ಮೀಟರನ್ನೂ ದಾಟುತ್ತದೆ. ಉಳಿದದ್ದು ಬರುವುದು ಕೀಲು ಬಿಚ್ಚಿಕೊಳ್ಳುವುದರಿಂದ.

ಇಲ್ಲಿ ಪಾಠ ಹೇಳುವವರು ಬಹಳ ಸಲ ಎಡವುತ್ತಾರೆ. ಕೈಗಳನ್ನು ಮಡಚಿಕೊಂಡು ವೇಗವಾಗಿ ಗಿರಕಿ ಹೊಡೆಯುವ ಸ್ಕೇಟಿಂಗ್ ನರ್ತಕಿಯನ್ನು ತೋರಿಸಿ, ಕೋನೀಯ ಸಂವೇಗ ಸಂರಕ್ಷಣೆ ಎಂದುಬಿಡುತ್ತಾರೆ. ಗಾಲ್ಫಿನಲ್ಲಿ ಭುಜದ ಸ್ನಾಯುಗಳು ಟಾರ್ಕ್ ಕೊಡುತ್ತಲೇ ಇರುತ್ತವೆ. ಆದ್ದರಿಂದ ಆ ನಿಯಮ ಹಾಗೆಯೇ ಅನ್ವಯಿಸದು. ನಡೆಯುವುದು ಶಕ್ತಿಯ ವರ್ಗಾವಣೆ. ಮೊದಲು ಕೋಲು ಮಡಚಿಕೊಂಡಿರುವುದರಿಂದ ಜಡತ್ವ ಭ್ರಾಮಕ ಕಡಿಮೆ. ತೋಳು ಬೇಗ ವೇಗ ಗಳಿಸುತ್ತದೆ. ಅನಂತರ ನೇರ ಹೋಗಬಯಸುವ ಕೋಲನ್ನು ಕೈ ಒಳಕ್ಕೆ ಎಳೆದಿಡಬೇಕು. ಕೋಲು ತೋಳಿಗೆ ಓರೆಯಾಗಿ ಹಿಂದೆ ಉಳಿದಿರುವವರೆಗೆ ಈ ಎಳೆತದ ಒಂದು ಅಂಶ ಕೈ ಚಲಿಸುವ ದಿಕ್ಕಿನಲ್ಲಿರುತ್ತದೆ. ಅದು ಕೋಲಿನ ಮೇಲೆ ಕೆಲಸ ಮಾಡುತ್ತದೆ. ಅದರ ಪ್ರತಿಕ್ರಿಯೆ ತೋಳನ್ನು ನಿಧಾನಿಸುತ್ತದೆ. ಕೋಲು, ತೋಳು ಒಂದೇ ಗೆರೆಗೆ ಬಂದಾಗ ಈ ವರ್ಗಾವಣೆ ನಿಲ್ಲುತ್ತದೆ.

ಆದ್ದರಿಂದ ಬೇಗ ಬಿಚ್ಚಿದರೆ ತೋಳು ಸಾಕಷ್ಟು ಶಕ್ತಿ ಗಳಿಸುವ ಮೊದಲೇ ವರ್ಗಾವಣೆ ಮುಗಿದಿರುತ್ತದೆ. ತೀರಾ ತಡವಾದರೆ ಚೆಂಡು ತಾಗುವ ಹೊತ್ತಿಗೆ ಅದು ಅರ್ಧದಲ್ಲಿರುತ್ತದೆ. 'ತಡ ಮಾಡಿದಷ್ಟೂ ಒಳ್ಳೆಯದು' ಎಂಬ ಮಾತು ಮೈದಾನದಲ್ಲಿ ಪ್ರಚಲಿತವಾಗಿದ್ದರೂ ಅದು ಅರ್ಧಸತ್ಯ.

ಮಣಿಕಟ್ಟಿನ ಬಲದಿಂದ ಬೇಗನೆ ಹೊಡೆಯಲು ಹೋದರೆ ವೇಗ ಹೆಚ್ಚುವ ಬದಲು ತಗ್ಗುತ್ತದೆ ಎಂದು ಲೆಕ್ಕದಿಂದ ತೋರಿಸಿದ್ದು ಜಾರ್ಗೆನ್ಸನ್ ಅವರ ಹೆಗ್ಗಳಿಕೆ. ದೇಹ ಚೆಂಡಿನ ಗುರಿಯತ್ತ ಸರಿಯುವುದನ್ನೂ ಅವರು ಲೆಕ್ಕಕ್ಕೆ ಸೇರಿಸಿದರು. ಕಾಕ್ರನ್–ಸ್ಟಾಬ್ಸ್ ಮಾದರಿಯಲ್ಲಿ ಕೀಲು ಸ್ವತಂತ್ರ. ಹೊತ್ತು ಬಂದಾಗ ತಾನೇ ಬಿಚ್ಚಿಕೊಳ್ಳುತ್ತದೆ. ಇದು ಮುಖ್ಯ. ಕೋಲು ಕೆಳಗಿಳಿಯುವ ಕಾಲ ಸುಮಾರು ಕಾಲು ಸೆಕೆಂಡ್. ಮನುಷ್ಯನ ಪ್ರತಿಕ್ರಿಯಾ ಕಾಲ ಸುಮಾರು 0.2 ಸೆಕೆಂಡ್. ನಡುವೆ ಯೋಚಿಸಿ ಬಿಚ್ಚಲು ಸಮಯವೇ ಇಲ್ಲ. ಹೊತ್ತನ್ನು ನಿರ್ಧರಿಸುವುದು ಆರಂಭದ ಭಂಗಿ ಮತ್ತು ಅಭ್ಯಾಸ.

ನನ್ನ ಆಕ್ಷೇಪ ಒಂದು. ಜೋಡಿ ಲೋಲಕ ಒಂದೇ ಸಮತಲದಲ್ಲಿ ತಿರುಗುತ್ತದೆ. ಕೋಲಿನ ಮುಖ ಚೆಂಡಿಗೆ ನೇರವಾಗಲು ಮುಂದೋಳು ತಿರುಚಬೇಕು. ಅದು ಈ ಚಿತ್ರದಲ್ಲಿಲ್ಲ. ಮಾದರಿ ವೇಗವನ್ನು ಹೇಳುತ್ತದೆ, ದಿಕ್ಕನ್ನಲ್ಲ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 4ನೆಯ ಸ್ಥಾನ ಪಡೆದರು. ಕಂಚು ತಪ್ಪಿದ್ದು ಒಂದೇ ಹೊಡೆತದಿಂದ. ಅವರು ದೂರ ಹೊಡೆಯುವುದಕ್ಕೆ ಹೆಸರಾದವರಲ್ಲ. ಗಾಲ್ಫ್ ಎಂದರೆ ವೇಗವೊಂದೇ ಅಲ್ಲ ಎನ್ನಲು ಇಷ್ಟು ಸಾಕು.

ಶಿಕ್ಷಕರಿಗೆ ಒಂದು ಸಲಹೆ. ಎರಡು ಮರದ ಪಟ್ಟಿಗಳನ್ನು ಸಡಿಲ ಕೀಲಿನಿಂದ ಜೋಡಿಸಿ, ಕೆಳಪಟ್ಟಿ ಹಿಂದಕ್ಕೆ ತೀರಾ ಮಡಚದಂತೆ ಒಂದು ಮೊಳೆ ಹೊಡೆಯಿರಿ. ಮೇಲ್ತುದಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಬೇರೆ ಬೇರೆ ಮಡಿಕೆ ಕೋನಗಳಿಂದ ಬಿಟ್ಟುನೋಡಿ. ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲ್ ಇದ್ದರೆ, ಕೆಳಪಟ್ಟಿ ಮುಂದಕ್ಕೆ ಚಿಮ್ಮುವಾಗ ಮೇಲ್ಪಟ್ಟಿ ನಿಧಾನವಾಗುವುದನ್ನು ಮಕ್ಕಳೇ ಅಳೆಯಬಹುದು. ಸೂತ್ರವನ್ನು ಆಮೇಲೆ ಬರೆದರೆ ಸಾಕು. ಅನ್ವಯಿಸದ ನಿಯಮವನ್ನು ಚಂದದ ಉದಾಹರಣೆಯೊಡನೆ ಕಲಿಸುವುದಕ್ಕಿಂತ ಇದು ಮೇಲು.