ಶಾಸನಗಳ ಚುಕ್ಕೆಪಟದಲ್ಲಿ ಎಲ್ಲೆಯ ವಿಚಾರ

ಶಾಸನಗಳ ಕಾಲ, ಸ್ಥಳ, ಭಾಷೆಗಳನ್ನು ಪಟ್ಟಿಮಾಡಿ ಗಣಕಯಂತ್ರಕ್ಕೆ ಒಪ್ಪಿಸಿದರೆ ಅದು ಕ್ಷಣಮಾತ್ರದಲ್ಲಿ ಚುಕ್ಕೆಪಟವನ್ನು ಬರೆದುಕೊಡುತ್ತದೆ. ಅಡ್ಡಗೆರೆಯಲ್ಲಿ ವರ್ಷ, ನಿಲುಗೆರೆಯಲ್ಲಿ ರೇಖಾಂಶ. ಒಂದೊಂದು ಶಾಸನಕ್ಕೆ ಒಂದೊಂದು ಚುಕ್ಕೆ. ಸಂಶೋಧಕನು ತನಗೆ ಬೇಕಾದೆಡೆಯನ್ನು ಚೌಕದಿಂದ ಆವರಿಸಿದೊಡನೆ ಒಳಗಿನ ಚುಕ್ಕೆಗಳು ಬಣ್ಣವೇರಿ ಹೊಳೆಯುತ್ತವೆ; ಹೊರಗಿನವು ಮಸುಕಾಗುತ್ತವೆ. ಈ ಸೌಕರ್ಯವು ಭಾಷಾಚರಿತ್ರೆಗೆ ಎಷ್ಟರಮಟ್ಟಿಗೆ ಪ್ರಮಾಣವಾಗಬಲ್ಲುದೆಂಬುದು ವಿಚಾರಣೀಯವಾಗಿದೆ.

ಇದರ ಗುಣವನ್ನು ಮೊದಲು ಹೇಳುವುದು ನ್ಯಾಯ. ಬೆಕರ್ ಮತ್ತು ಕ್ಲೀವ್‌ಲೆಂಡ್ ಎಂಬ ಪಂಡಿತರು ೧೯೮೭ರಲ್ಲಿ ‘ಟೆಕ್ನೊಮೆಟ್ರಿಕ್ಸ್’ ಪತ್ರಿಕೆಯಲ್ಲಿ ಈ ಕ್ರಮವನ್ನು ವಿವರಿಸಿ, ಆ ಚೌಕವನ್ನು ಕುಂಚವೆಂದು ಕರೆದರು. ಒಂದು ಪಟದಲ್ಲಿ ಕುಂಚವು ಮುಟ್ಟಿದ ಚುಕ್ಕೆಗಳು ಉಳಿದ ಪಟಗಳಲ್ಲಿಯೂ ಏಕಕಾಲದಲ್ಲಿ ಬೆಳಗುವುದೇ ಇದರ ಸಾರ. ಹನ್ನೊಂದನೆಯ ಶತಮಾನವನ್ನು ಆವರಿಸಿದರೆ, ಅದೇ ಶಾಸನಗಳ ಭಾಷೆಯೂ ದಾನದ ಸ್ವರೂಪವೂ ಪಕ್ಕದ ಪಟಗಳಲ್ಲಿ ತೋರುತ್ತವೆ. ಪಟ್ಟಿಯ ಪುಟಗಳನ್ನು ತಿರುವಿಹಾಕುವವನಿಗೆ ಈ ನೋಟವು ಸುಲಭಸಾಧ್ಯವಲ್ಲ.

ಆದರೆ ಆ ಚೌಕದ ಎಲ್ಲೆಯನ್ನು ಗೊತ್ತುಮಾಡುವವರಾರು? ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಹೋಬಳಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಒಂದು ಮಗ್ಗುಲಿಗೆ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿದೆ. ಬಿ. ಎಲ್. ರೈಸ್ ಮಹಾಶಯರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಗ್ರಂಥಮಾಲೆಯಲ್ಲಿ ಹೊಸಕೋಟೆಯ ಶಾಸನಗಳು ೧೯೦೫ರ ಒಂಬತ್ತನೆಯ ಸಂಪುಟದಲ್ಲಿಯೂ ಮಾಲೂರಿನವು ಹತ್ತನೆಯದರಲ್ಲಿಯೂ ಸೇರಿವೆ. ಒಂಬತ್ತನೆಯದನ್ನು ಮಾತ್ರ ಯಂತ್ರಕ್ಕೊಪ್ಪಿಸಿದವನ ಪಟದಲ್ಲಿ ಮಾಲೂರಿನ ಎಡೆಯು ಬರಿದಾಗಿ ತೋರುವುದು. ಆ ಬರಿದು ನೆಲದ್ದಲ್ಲ, ಪುಸ್ತಕದ ರಟ್ಟಿನದು. ೧೯೮೬ರಲ್ಲಿ ಬೆಂಗಳೂರು ಜಿಲ್ಲೆಯು ಇಬ್ಭಾಗವಾಗಿ ಹೊಸಕೋಟೆಯು ಗ್ರಾಮಾಂತರಕ್ಕೂ ಆನೇಕಲ್ಲು ನಗರ ಜಿಲ್ಲೆಗೂ ಸೇರಿದುದರಿಂದ ಇನ್ನೊಂದು ಗೆರೆಯೂ ಬಿದ್ದಿತು. ಇಂದಿನ ಆಡಳಿತದ ಗೆರೆಗಳನ್ನು ಚೋಳರ ಕಾಲದ ನಾಡುಗಳಿಗೆ ತೊಡಿಸುವುದು ಯುಕ್ತವಲ್ಲ.

ಇದಕ್ಕಿಂತ ಗುರುತರವಾದುದು ಭಾಷೆಯ ವಿಷಯ. ಹನ್ನೊಂದನೆಯ ಶತಮಾನದ ಆದಿಯಲ್ಲಿ ಚೋಳರು ತಲಕಾಡನ್ನು ಗೆದ್ದರು. ಬೆಂಗಳೂರಿನ ಪೂರ್ವದ ಸೀಮೆಯಲ್ಲಿ ಅವರ ಕಾಲದ ತಮಿಳು ಶಾಸನಗಳು ಅನೇಕವಾಗಿವೆ. ಅವುಗಳಿರುವೆಡೆಯನ್ನು ಬೆಳಗಿಸಿ, ಅಲ್ಲಿ ಕನ್ನಡವು ಹಿಂದೆಗೆಯಿತೆಂದು ಹೇಳಿಬಿಡುವುದು ಸುಲಭ. ಆದರೆ ಶಾಸನದ ಭಾಷೆಯು ಅರಸನ ಅಧಿಕಾರಿಯ, ದೇವಾಲಯದ, ದಾನಿಯ ಭಾಷೆ. ಒಕ್ಕಲುಮಕ್ಕಳ ಮನೆಮಾತು ಅದೇ ಆಗಿರಬೇಕೆಂಬ ನಿಯಮವಿಲ್ಲ. ಚುಕ್ಕೆಯು ಬರೆಯಿಸಿದವನನ್ನು ತೋರಿಸುತ್ತದೆಯೇ ಹೊರತು ಆಡಿದವನನ್ನು ತೋರಿಸುವುದಿಲ್ಲ.

ಕಾಲವಿಚಾರದಲ್ಲಿಯೂ ಇದೇ ತೊಡಕು. ತೇದಿಯಿಲ್ಲದ ಶಾಸನಗಳಿಗೆ ರೈಸರು ಲಿಪಿಯೇ ಮೊದಲಾದವುಗಳಿಂದ ಊಹಿಸಿ ‘ಸುಮಾರು’ ಎಂದು ವರ್ಷವನ್ನು ಕೊಟ್ಟರು. ಅವರ ಎಚ್ಚರಿಕೆಯ ಆ ಒಂದು ಪದವು ಪಟದಲ್ಲಿ ಅಳಿಸಿಹೋಗಿ, ಊಹೆಯ ಚುಕ್ಕೆಯೂ ಶಕವರ್ಷವನ್ನು ಕಂಠೋಕ್ತವಾಗಿ ಹೇಳುವ ಶಾಸನದ ಚುಕ್ಕೆಯೂ ಒಂದೇ ಹೊಳಪನ್ನು ಪಡೆಯುತ್ತವೆ. ಅಂಥವನ್ನು ಚುಕ್ಕೆಯಾಗಿ ಬರೆಯದೆ, ಸಂದೇಹದಷ್ಟು ಉದ್ದದ ಗೆರೆಯಾಗಿ ಬರೆಯುವುದು ಲೇಸು.

ಈ ಸಾಧನವನ್ನು ತ್ಯಜಿಸಬೇಕೆಂದು ನಮ್ಮ ಅಭಿಪ್ರಾಯವಲ್ಲ. ಚೌಕವನ್ನೆಳೆದವನು ಆ ಎಲ್ಲೆಗೆ ಕಾರಣವನ್ನು ಹೇಳಲಿ. ಅದನ್ನು ತುಸು ಅತ್ತಿತ್ತ ಸರಿಸಿದರೂ ತನ್ನ ನಿರ್ಣಯವು ನಿಲ್ಲುವುದೋ ಎಂದು ಪರೀಕ್ಷಿಸಲಿ. ಬೆಳಗಿದವುಗಳೊಡನೆ ಮಸುಕಾದವುಗಳನ್ನೂ ಎಣಿಸಲಿ. ಕಡೆಗೆ ಪ್ರತಿಯೊಂದು ಚುಕ್ಕೆಯಿಂದಲೂ ಶಾಸನಪಾಠಕ್ಕೆ ಮರಳಲಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳ ಮೂರು ಆಯಾಮದ ಪ್ರತಿರೂಪಗಳನ್ನು ತೆಗೆಯುವ ಕಾರ್ಯವನ್ನು ಕೈಕೊಂಡುದರಿಂದ ಈ ಮರಳುವಿಕೆಯು ಮೊದಲಿನಷ್ಟು ಕಷ್ಟವಲ್ಲ. ಎಲ್ಲಿ ನೋಡಬೇಕೆಂಬುದನ್ನು ಪಟವು ಸೂಚಿಸಬಹುದು. ಅಲ್ಲಿ ಏನಿದೆಯೆಂಬುದನ್ನು ಕಲ್ಲೇ ಹೇಳಬೇಕು.